ಹೆರಿಗೆ ಕೊಠಡಿಯ ತುರ್ತು ತರಬೇತಿಗೆ ವಿಆರ್ ಕನ್ನಡಕ ಬೇಕೇ?

ಪ್ರಶ್ನೆ (ಶುಶ್ರೂಷಾಧಿಕಾರಿ, ತಾಲೂಕು ಆಸ್ಪತ್ರೆ):
ನಮಸ್ಕಾರ. ಹೆರಿಗೆಯ ನಂತರದ ರಕ್ತಸ್ರಾವವನ್ನು ನಿಭಾಯಿಸಲು ಸಿಬ್ಬಂದಿಗೆ ತರಬೇತಿ ಕೊಡುವ ಹೊಣೆ ನನ್ನದು. ಇದುವರೆಗೆ ಪಿಪಿಟಿ ತೋರಿಸಿ, ಲಿಖಿತ ಪರೀಕ್ಷೆ ನಡೆಸಿ ಮುಗಿಸುತ್ತಿದ್ದೆವು. ಎಲ್ಲರೂ ಒಳ್ಳೆಯ ಅಂಕ ತೆಗೆಯುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ ನಿಜವಾಗಿ ರಕ್ತ ಹರಿಯತೊಡಗಿದಾಗ ಯಾರು ಏನು ಮಾಡಬೇಕೆಂಬುದೇ ಗೊಂದಲವಾಗುತ್ತದೆ. ದಾನಿಯೊಬ್ಬರು ವಿಆರ್ ಕನ್ನಡಕ (ಕಂಪ್ಯೂಟರ್ ಸೃಷ್ಟಿಸಿದ ದೃಶ್ಯದೊಳಗೇ ಇರುವಂತೆ ಅನಿಸುವ ಸಾಧನ) ಕೊಡಿಸಲು ಮುಂದೆ ಬಂದಿದ್ದಾರೆ. ಒಪ್ಪಿಕೊಳ್ಳಬಹುದೇ?

ಉತ್ತರ 1 (ಅರಿವಳಿಕೆ ತಜ್ಞೆ):
ಅಂಕಗಳು ಚೆನ್ನಾಗಿವೆ ಎಂದ ಮೇಲೆ ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ, ಜೊತೆಯಾಗಿ ಕೆಲಸ ಮಾಡುವ ರೂಢಿಯಲ್ಲಿ. ಆದ್ದರಿಂದ ಒಬ್ಬೊಬ್ಬರೇ ಕನ್ನಡಕ ಹಾಕಿಕೊಂಡು ಕಲಿಯುವುದಕ್ಕಿಂತ, ನಿಮ್ಮದೇ ಹೆರಿಗೆ ಕೊಠಡಿಯಲ್ಲಿ ಪಾಳಿಯಲ್ಲಿರುವವರನ್ನೇ ಸೇರಿಸಿ ಮಾಕ್ ಡ್ರಿಲ್ ನಡೆಸುವುದು ಮೇಲು. ‘ಮಾಮಾನಟಾಲಿ’ ಎಂಬ ಸಾಧನವನ್ನು ಸಿಬ್ಬಂದಿಯೊಬ್ಬರು ಹೊಟ್ಟೆಗೆ ಕಟ್ಟಿಕೊಂಡು ಬಾಣಂತಿಯ ಪಾತ್ರ ವಹಿಸುತ್ತಾರೆ. ಕೃತಕ ರಕ್ತ ಎಷ್ಟು ಹರಿಯಬೇಕು, ಗರ್ಭಕೋಶ ಯಾವಾಗ ಗಟ್ಟಿಯಾಗಬೇಕು ಎಂಬುದು ಅವರ ಕೈಯಲ್ಲೇ ಇರುತ್ತದೆ. ಆಕೆ “ತಲೆ ಸುತ್ತುತ್ತಿದೆ ಸಿಸ್ಟರ್” ಎಂದೊಡನೆ ಸುತ್ತ ನಿಂತವರ ನಗು ನಿಲ್ಲುತ್ತದೆ. ಔಷಧ ಕೊಟ್ಟೆ ಎಂದು ಬಾಯಲ್ಲಿ ಹೇಳಿ ಮುಗಿಸಲು ಬಿಡಬೇಡಿ. ಗರ್ಭಕೋಶವನ್ನು ಗಟ್ಟಿಯಾಗಿಸಿ ರಕ್ತಸ್ರಾವ ತಗ್ಗಿಸುವ ಆಕ್ಸಿಟೋಸಿನ್ ಔಷಧ ಇಡುವ ಫ್ರಿಜ್‌ವರೆಗೆ ಹೋಗಿ, ಸಿರಿಂಜಿಗೆ ತುಂಬಿಕೊಳ್ಳುವವರೆಗೂ ಗಡಿಯಾರ ಓಡಲಿ. ನಾನು ಕಂಡ ಒಂದು ಡ್ರಿಲ್‌ನಲ್ಲಿ ಆ ಫ್ರಿಜ್‌ನ ಬೀಗದ ಕೈ ಹಗಲು ಪಾಳಿಯವರ ಜೊತೆ ಮನೆಗೆ ಹೋಗಿತ್ತು. ಯಾವ ಕನ್ನಡಕವೂ ಅದನ್ನು ತೋರಿಸಿಕೊಡುತ್ತಿರಲಿಲ್ಲ. ಡ್ರಿಲ್‌ಗೆ ಬಳಸುವ, ಔಷಧದ ಪುಟ್ಟ ಗಾಜಿನ ಸೀಸೆಗಳಾದ ಆಂಪೂಲ್‌ಗಳಿಗೆ ‘ತರಬೇತಿಗೆ ಮಾತ್ರ’ ಎಂಬ ಚೀಟಿ ಅಂಟಿಸಿ, ಮುಗಿದ ಮೇಲೆ ಎಣಿಸಿ ಹಿಂಪಡೆಯಿರಿ.

ಉತ್ತರ 2 (ವಿಮಾನಯಾನ ತರಬೇತುದಾರ):
ಜೊತೆಯಾಗಿ ಕೆಲಸ ಮಾಡುವುದನ್ನು ನಮ್ಮ ಕ್ಷೇತ್ರ ಜೀವ ತೆತ್ತು ಕಲಿಯಿತು. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ 173ನೇ ಸಂಖ್ಯೆಯ ವಿಮಾನದ ಕ್ಯಾಪ್ಟನ್ ಚಕ್ರದ ದೋಷದಲ್ಲೇ ಮಗ್ನರಾಗಿದ್ದಾಗ ಇಂಧನ ಬರಿದಾಗಿ ವಿಮಾನ ನೆಲಕ್ಕೆ ಬಿತ್ತು. 10 ಮಂದಿ ಸತ್ತರು. ಇಂಧನ ಕಡಿಮೆಯಾಗುತ್ತಿರುವುದು ಸಹಸಿಬ್ಬಂದಿಗೆ ತಿಳಿದಿತ್ತು, ಆದರೆ ಗಟ್ಟಿಯಾಗಿ ಹೇಳಲಿಲ್ಲ. 1981ರಿಂದ ಆ ಸಂಸ್ಥೆ ಇಡೀ ಸಿಬ್ಬಂದಿಗೆ ಒಟ್ಟಾಗಿ ತರಬೇತಿ ಕೊಡತೊಡಗಿತು. ನಿಮ್ಮ ಡ್ರಿಲ್‌ನಲ್ಲಿಯೂ ಹಿರಿಯ ವೈದ್ಯರು ಮೊದಲೇ ಮಾತಾಡಿಕೊಂಡು ಒಂದು ಹೆಜ್ಜೆಯನ್ನು ಬೇಕೆಂದೇ ಬಿಟ್ಟುಬಿಡಲಿ. ಕಿರಿಯ ನರ್ಸ್ ಬಾಯಿ ಬಿಡುತ್ತಾರೋ ನೋಡಿ.

ಉತ್ತರ 3 (ವೈದ್ಯಕೀಯ ಕಾಲೇಜಿನ ಬೋಧಕ):
ವಿಆರ್ ಅನ್ನು ಪೂರ್ತಿ ತಳ್ಳಿಹಾಕಲಾರೆ. ವಾರ್ಡಿನಲ್ಲಿ ಬೆಂಕಿ ಬಿದ್ದಂಥ, ನಿಜವಾಗಿ ಸೃಷ್ಟಿಸಲಾಗದ ಸನ್ನಿವೇಶಗಳಿಗೆ ಅದು ಒಳ್ಳೆಯದು. ಆದರೆ ಯಾವ ವಿಧಾನವಾದರೂ ಡ್ರಿಲ್ ನಡೆದಷ್ಟೇ ಹೊತ್ತನ್ನಾದರೂ, ಏನು ಸರಿಯಾಯಿತು, ಏನು ತಪ್ಪಿತು ಎಂದು ನಂತರ ಒಟ್ಟಿಗೆ ಕೂತು ಚರ್ಚಿಸುವ ಡಿಬ್ರೀಫಿಂಗ್‌ಗೆ ಮೀಸಲಿಡಿ, ಮತ್ತು ಅಲ್ಲಿ ಆಡಿದ ಮಾತು ಯಾರ ಸೇವಾ ದಾಖಲೆಗೂ ಹೋಗದೆಂದು ಮೊದಲೇ ಭರವಸೆ ಕೊಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಡ್ರಿಲ್ ನಡುವೆ ನಿಜವಾದ ಹೆರಿಗೆ ಬಂದರೆ?

ಉತ್ತರ 1:
ತಕ್ಷಣ ನಿಲ್ಲಿಸಿ. ಅದಕ್ಕೊಂದು ಸಂಕೇತಪದವನ್ನು ಮೊದಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿರಿ.