ಹೊಟ್ಟೆ ಉಬ್ಬಿದ ಸರ್ಫ್‌ಬೋರ್ಡ್ ಮೇಲೆ ನಿಲ್ಲೋದು ಹೇಗೆ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ)
ರಜೆ ಸಿಕ್ಕಾಗ ಆಗುಂಬೆ ಘಾಟಿ ಇಳಿದು ಮೂಲ್ಕಿ ಕಡೆ ಸರ್ಫಿಂಗ್‌ಗೆ ಹೋಗುತ್ತೇನೆ. ಈಚೆಗೆ ಪರಿಚಯದವರ ಹಳೇ ಬೋರ್ಡ್ ತಗೊಂಡೆ. ಏಳಡಿ ಚಿಲ್ಲರೆ ಉದ್ದ, ಅಡಿಯಲ್ಲಿ ಹಿಂದುಗಡೆ ಒಂದೇ ಫಿನ್ (ರೆಕ್ಕೆ). ಅಡಿಭಾಗ ಚಪ್ಪಟೆ ಇಲ್ಲ, ಕೈಯಾಡಿಸಿದರೆ ಉಬ್ಬು ಗೊತ್ತಾಗುತ್ತದೆ. ಅಂಚು ತೆಳು. ನಿಂತರೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಹಿಂದಿನ ಕಾಲು ಒತ್ತಿ ತಿರುಗಿಸಲು ಹೋದರೆ ವೇಗವೇ ಸತ್ತುಹೋಗುತ್ತದೆ. ಬೋರ್ಡ್ ಕೆಟ್ಟಿದೆಯಾ, ಮಾಡಿದ್ದೇ ಹೀಗಾ?

ಉತ್ತರ (ತೀರ್ಥಹಳ್ಳಿ)
ಮಾಡಿದ್ದೇ ಹಾಗೆ ಮಾರಾಯ್ರೇ. ದಯವಿಟ್ಟು ಮಾರಬೇಡಿ! ಇದು ಡಿಸ್‌ಪ್ಲೇಸ್‌ಮೆಂಟ್ ಹಲ್. ಬರೀ ಹಲ್ (hull, ಅಂದರೆ ದೋಣಿಯ ತಳ) ಅಂತಲೂ ಕರೀತಾರೆ. ಮಾಮೂಲಿ ಬೋರ್ಡ್ ನೀರಿನ ಮೇಲೆ ಜಾರುತ್ತದೆ. ಇದು ನೀರನ್ನು ಪಕ್ಕಕ್ಕೆ ಸರಿಸಿ, ಸ್ವಲ್ಪ ಒಳಗೇ ಕೂತು ಹೋಗುತ್ತದೆ. ಸೌಟಿನ ಬೆನ್ನನ್ನು ನಲ್ಲಿ ನೀರಿಗೆ ತಾಗಿಸಿ ನೋಡಿ. ನೀರು ಅದನ್ನು ಆಚೆ ತಳ್ಳಲ್ಲ, ತನ್ನ ಕಡೆಗೇ ಎಳೆದುಕೊಳ್ಳುತ್ತೆ. ಅಲೆ ಈ ಬೋರ್ಡನ್ನು ಹಿಡಿದುಕೊಳ್ಳುವುದೂ ಹಾಗೇ.

ಇದರ ಮೂಲ ಹುಡುಕಿದರೆ ಜಾರ್ಜ್ ಗ್ರೀನೋ ಸಿಗುತ್ತಾರೆ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದವರು. ನಿಂತಲ್ಲ, ಮಂಡಿಯೂರಿ ಅಲೆ ಏರುತ್ತಿದ್ದವರು. ಅವರ ಬೋರ್ಡಿನ ಫೈಬರ್‌ಗ್ಲಾಸ್ ಅಲೆಯಲ್ಲಿ ಬಾಗುತ್ತಿತ್ತು. ಫಿನ್ ದೊಡ್ಡ ಮೀನಿನ ರೆಕ್ಕೆಯ ಆಕಾರದ್ದು, ಬುಡ ಗಟ್ಟಿ, ತುದಿ ಬಳುಕು. 60ರ ದಶಕದಲ್ಲಿ ಅವರು ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿನ ಸರ್ಫರ್‌ಗಳಾದ ಬಾಬ್ ಮೆಕ್‌ಟಾವಿಶ್, ನ್ಯಾಟ್ ಯಂಗ್ ಇದನ್ನು ಕಂಡು ಬೆರಗಾದರು. 1966ರಲ್ಲಿ ಸ್ಯಾನ್ ಡಿಯಾಗೋದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ನ್ಯಾಟ್ ಯಂಗ್ ಬೋರ್ಡ್ 9 ಅಡಿ 4 ಇಂಚು, ಅದಕ್ಕಿದ್ದದ್ದು ಗ್ರೀನೋ ಮಾದರಿಯ ಫಿನ್. ಒಂದೆರಡು ವರ್ಷದಲ್ಲೇ ಬೋರ್ಡ್‌ಗಳು ಗಿಡ್ಡ ಆದವು. 1981ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್‌ನ ಥ್ರಸ್ಟರ್ ಬೋರ್ಡ್ ತಂದ ಮೇಲಂತೂ ಎಲ್ಲರೂ ಅತ್ತ ಹೋದರು. ಬೋರ್ಡ್ ತಯಾರಕ ಗ್ರೆಗ್ ಲಿಡ್ಲ್ ಮಾತ್ರ ಕ್ಯಾಲಿಫೋರ್ನಿಯಾದ ಮಾಲಿಬು ಅಲೆಗೆ ಹೊಂದುವಂತೆ ಹಲ್ ಬೋರ್ಡನ್ನೇ ವರ್ಷಗಟ್ಟಲೆ ತಿದ್ದುತ್ತಾ ಬಂದರು. ಆ ಹಠದ ಬಗ್ಗೆ ನನಗೆ ಭಾರೀ ಗೌರವ.

ಇನ್ನು ಸವಾರಿ. ಟೇಲ್ (ಬೋರ್ಡಿನ ಹಿಂತುದಿ) ಮರೆತುಬಿಡಿ. ನಡುಭಾಗದಲ್ಲಿ ನಿಂತು ಮಂಡಿ ಬಗ್ಗಿಸಿ. ತಿರುಗುವಾಗ ಇಡೀ ಮೈ ವಾಲಿಸಿ, ಅಲೆ ಕಡೆಯ ರೇಲ್ (ಪಕ್ಕದ ಅಂಚು) ನೀರಲ್ಲಿ ಹೂತುಕೊಳ್ಳಲಿ. ಒದೆಯಬೇಡಿ, ಒಂದು ಕ್ಷಣ ತಡೆಯಿರಿ. ಬಾಗಿದ ಫಿನ್ ನೆಟ್ಟಗಾಗುವಾಗ ಬೋರ್ಡ್ ಮುಂದಕ್ಕೆ ಚಿಮ್ಮುತ್ತದಲ್ಲ, ಆ ಸುಖಕ್ಕೇ ಜನ ಇದನ್ನು ಬಿಡೋದಿಲ್ಲ.

ಉತ್ತರ (ಸಾಗರ)
ಒಂದು ಮಾತು ಸೇರಿಸ್ತೀನಿ. ಅಲೆ ನೋಡಿ ಇಳಿಯಿರಿ. ಕ್ಯಾಲಿಫೋರ್ನಿಯಾದ ಮಾಲಿಬು, ರಿಂಕನ್ ಎರಡೂ ಪಾಯಿಂಟ್ ಬ್ರೇಕ್. ಅಲೆ ಒಂದೇ ಕಡೆಗೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಮೂಲ್ಕಿ ಹತ್ತಿರದ ನಮ್ಮ ಸಸಿಹಿತ್ಲು ಹಾಗಲ್ಲ. ಶಾಂಭವಿ, ನಂದಿನಿ ಕಡಲು ಸೇರುವ ಅಳಿವೆ ಅದು, ತಳದ ಮರಳು ಜಾಗ ಬದಲಿಸುತ್ತಾ ಇರುತ್ತದೆ. ಅಲೆ ಒಮ್ಮೆಲೇ ಮಗುಚುವ ದಿನ ಹಲ್ ಬೇಡ. ಮಳೆಗಾಲದ ಅಬ್ಬರದಲ್ಲಂತೂ ಬೇಡವೇ ಬೇಡ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಅಣ್ಣ. ನನ್ನ ಬೋರ್ಡಿನ ಫಿನ್ ಪ್ಲಾಸ್ಟಿಕ್‌ದು, ದಪ್ಪ, ಬಾಗೋದೇ ಇಲ್ಲ. ಬದಲಿಸಬೇಕಾ?

ಉತ್ತರ (ತೀರ್ಥಹಳ್ಳಿ)
ಖಂಡಿತ ಬದಲಿಸಿ. ತುದಿ ಬಳುಕುವ ಫೈಬರ್‌ಗ್ಲಾಸ್ ಫಿನ್ ಹುಡುಕಿ. ಫಿನ್ ಬಾಕ್ಸ್‌ನಲ್ಲಿ (ಫಿನ್ ಕೂರುವ ಉದ್ದನೆಯ ಗಾಡಿ) ಮೊದಲು ನಡುವೆ ಕೂರಿಸಿ. ಮುಂದಕ್ಕೆ ಸರಿಸಿದರೆ ಬೋರ್ಡ್ ಸಲೀಸಾಗಿ ತಿರುಗುತ್ತದೆ, ಹಿಂದಕ್ಕೆ ಸರಿಸಿದರೆ ಬಿಗಿ ಜಾಸ್ತಿ. ಒಂದೊಂದೇ ಬೆರಳಿನಷ್ಟು ಸರಿಸಿ ನೋಡಿ.