ಹಿಂದಿನ ಅಂಕ ಕಡಿಮೆ, ಮುಂದೆ ಜಿಆರ್‌ಇ: ಆನ್‌ಲೈನ್ ಗುಂಪಿನಲ್ಲಿ ಬೋಧಕಿಯೊಂದಿಗೆ ಪ್ರಶ್ನೋತ್ತರ

ಸದಸ್ಯೆ: ಮೇಡಂ, ನಮಸ್ಕಾರ. ಪದವಿಯಲ್ಲಿ ಎರಡು ವಿಷಯಗಳನ್ನು ಮರುಪರೀಕ್ಷೆ ಬರೆದು ಮುಗಿಸಿದವಳು ನಾನು. ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ಮೊದಲ ಸಲ 296 ಬಂತು. ನಾಲ್ಕು ತಿಂಗಳು ಓದಿ ಮತ್ತೆ ಬರೆದರೆ 297. ಮನೆಯಲ್ಲಿ ಮಾಡಿದಾಗ ಬಹುತೇಕ ಲೆಕ್ಕಗಳು ಸರಿಯಾಗುತ್ತವೆ. ನನ್ನ ಬುದ್ಧಿಯ ಮಿತಿಯೇ ಇಷ್ಟೆ?

ಬೋಧಕಿ: ಮಿತಿಯ ಮಾತು ಆಮೇಲೆ. ಗಡಿಯಾರ ಇಟ್ಟುಕೊಂಡು ಮಾಡುತ್ತೀರಾ?

ಸದಸ್ಯೆ: ಇಲ್ಲ. ಮಾದರಿ ಪರೀಕ್ಷೆಯ ಮೊದಲ ಕ್ವಾಂಟ್, ಅಂದರೆ ಗಣಿತ, ವಿಭಾಗದಲ್ಲಿ ವೃತ್ತದೊಳಗಿನ ತ್ರಿಭುಜವೊಂದಕ್ಕೇ ಐದು ನಿಮಿಷ ಹೋಯಿತು. ಕೊನೆಯ ಮೂರು ಪ್ರಶ್ನೆಗಳನ್ನು, ತಪ್ಪಾದೀತೆಂದು, ಖಾಲಿ ಬಿಟ್ಟೆ.

ಬೋಧಕಿ: ಅಲ್ಲಿಯೇ ಇದೆ ನಿಮ್ಮ ಉತ್ತರ. ಆ ವಿಭಾಗದಲ್ಲಿ 12 ಪ್ರಶ್ನೆಗಳಿಗೆ 21 ನಿಮಿಷ, ಅಂದರೆ ಒಂದಕ್ಕೆ ಒಂದೂಮುಕ್ಕಾಲು ನಿಮಿಷ. ತ್ರಿಭುಜ ನುಂಗಿದ್ದು ಹೆಚ್ಚುಕಡಿಮೆ ಮೂರು ಪ್ರಶ್ನೆಗಳ ಹೊತ್ತು, ನೀವು ಬಿಟ್ಟದ್ದೂ ಮೂರೇ. ಮೊದಲ ವಿಭಾಗದಲ್ಲಿ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದು ಎಷ್ಟು ಕಠಿಣವಾಗಿರಬೇಕೆಂದು ನಿರ್ಧಾರವಾಗುತ್ತದೆ, ಅಂಕ ಕೊಡುವಾಗ ಆ ಕಾಠಿಣ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಮೊದಲು ಕಳೆದುಕೊಂಡದ್ದನ್ನು ಆಮೇಲೆ ತುಂಬಿಕೊಳ್ಳುವುದು ಕಷ್ಟ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಬಿಡಲೇಬಾರದು. ಎರಡು ನಿಮಿಷ ದಾಟಿತೋ, ಏನಾದರೊಂದು ಗುರುತಿಸಿ ಮುಂದೆ ಹೋಗಿ. ಅದೇ ವಿಭಾಗದೊಳಗೆ ಹಿಂದಿರುಗಲು ಅವಕಾಶವಿದೆ.

ನಿಮ್ಮ ಬಗ್ಗೆ ನನಗೆ ಇನ್ನೊಂದು ಅನುಮಾನವಿದೆ. ಎಕ್ಸ್ ಸೊನ್ನೆಗಿಂತ ದೊಡ್ಡದು. ಎಕ್ಸ್ ದೊಡ್ಡದೋ, ಅದರ ವರ್ಗವೋ?

ಸದಸ್ಯೆ: ವರ್ಗ.

ಬೋಧಕಿ: 2, 3 ಹಾಕಿ ನೋಡಿದಿರಿ, ಅಲ್ಲವೆ? 1 ಹಾಕಿದರೆ ಎರಡೂ ಸಮ; ಅರ್ಧ ಹಾಕಿದರೆ ವರ್ಗ ಕಾಲಾಗಿ ಚಿಕ್ಕದಾಗುತ್ತದೆ. ನಿರ್ಧರಿಸಲಾಗದು ಎಂಬುದೇ ಸರಿಯುತ್ತರ. ಗಣಿತ ನಿಮಗೆ ಗೊತ್ತು, ಅನುಮಾನಿಸುವ ಅಭ್ಯಾಸವಿಲ್ಲ. ಹೊಸ ಪುಸ್ತಕ ಕೊಳ್ಳದೆ, ತಪ್ಪಿದ ಪ್ರತಿ ಲೆಕ್ಕದ ಪಕ್ಕದಲ್ಲಿ ಪಾಠ ಗೊತ್ತಿರಲಿಲ್ಲವೋ, ಅವಸರವೋ, ಹೊತ್ತು ಸಾಲಲಿಲ್ಲವೋ ಎಂದು ಬರೆದು ಇಲ್ಲಿ ಹಾಕಿ.

ಎರಡನೆಯ ಸದಸ್ಯ: ಮೇಡಂ, ಎಷ್ಟು ಅಂಕ ಬಂದರೆ ಸಾಕು?

ಬೋಧಕಿ: ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯದ ವಿಭಾಗದ ಪುಟದಲ್ಲಿದೆ. ಜಿಆರ್‌ಇಯನ್ನೇ ಕೇಳದ ವಿಭಾಗಗಳೂ ಇವೆ.

ಮೂರನೆಯ ಸದಸ್ಯ: ನನಗೆ ಬಂದ ಸಂದೇಶ ಹಂಚುತ್ತಿದ್ದೇನೆ: ‘ಹದಿನೈದು ದಿನದಲ್ಲಿ 3,500 ಪದ ಬಾಯಿಪಾಠ ಮಾಡಿ, ಗೊತ್ತಿಲ್ಲದಲ್ಲಿ ಮೂರನೆಯ ಆಯ್ಕೆ ಒತ್ತಿ, 320 ಖಚಿತ.’

ಬೋಧಕಿ: ದಿನಕ್ಕೆ 233 ಪದಗಳಾದವು. ಬರೆದವರು ಭಾಗಿಸಿಯೂ ನೋಡಿಲ್ಲ. ವರ್ಬಲ್‌ನಲ್ಲಿ, ಅಂದರೆ ಇಂಗ್ಲಿಷ್ ಭಾಷೆಯ ಭಾಗದಲ್ಲಿ, ಮೂರು ಬಿಟ್ಟ ಸ್ಥಳಗಳಿರುವ ಪ್ರಶ್ನೆಯಲ್ಲಿ ಒಂದು ತಪ್ಪಿದರೂ ಅಂಕವಿಲ್ಲ. ‘ಆದರೂ’ ಎಂಬಲ್ಲಿ ವಾಕ್ಯ ಯಾವ ಕಡೆ ತಿರುಗಿತೆಂದು ಹಿಡಿಯದವರನ್ನು ಪದಪಟ್ಟಿ ಕಾಪಾಡುವುದಿಲ್ಲ. ಇಂಥವನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ನಾಲ್ಕನೆಯ ಸದಸ್ಯ: ಪದವಿಯಲ್ಲೇ ಎಡವಿದವರು ಇದಕ್ಕೆ ಹಣ ಸುರಿಯುವುದೇಕೆ? ಎರಡು ಸಲ ಬರೆದದ್ದೂ ಎಲ್ಲರಿಗೂ ಕಾಣುತ್ತದೆ.

ಮೂರನೆಯ ಸದಸ್ಯ: ತಿಳಿಯದೆ ಹೇಳಬೇಡಿ. ಯಾವ ಅಂಕ ಕಳಿಸಬೇಕೆಂದು ಅಭ್ಯರ್ಥಿಯೇ ಆರಿಸಬಹುದು.

ನಾಲ್ಕನೆಯ ಸದಸ್ಯ: ಮೂರನೆಯ ಆಯ್ಕೆ ಒತ್ತುವವರಿಂದ ನಾನು ಕಲಿಯಬೇಕೆ?

ಮೂರನೆಯ ಸದಸ್ಯ: ನಿಮ್ಮ ಅಂಕಪಟ್ಟಿಯನ್ನೂ ಹಾಕಿ, ನೋಡೋಣ.

ಬೋಧಕಿ: ಅಂಕ ಆರಿಸುವ ವಿಷಯದಲ್ಲಿ ಮೂರನೆಯವರು ಹೇಳಿದ್ದು ಸರಿ. ಆದರೆ ಜಿಆರ್‌ಇ ಅಂಕ ಪದವಿಯ ಅಂಕಪಟ್ಟಿಯನ್ನು ಅಳಿಸುವುದಿಲ್ಲ; ಅದರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ, ಅಷ್ಟೇ. ಜಗಳ ಬೇರೆಡೆ ಮಾಡಿ.

ಐದನೆಯ ಸದಸ್ಯೆ: ಎರಡು ಪ್ರಬಂಧಗಳಿಗೂ ತಯಾರಾಗಬೇಕೆ? ಕೆಲಸಕ್ಕೆ ಹೋಗುತ್ತಾ ಓದುವವರು ದಿನಕ್ಕೆ ಎಷ್ಟು ಗಂಟೆ ಕೊಡಬೇಕು?

ಬೋಧಕಿ: ಒಂದೇ ಪ್ರಬಂಧ, 30 ನಿಮಿಷ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಚಿಕ್ಕದಾಯಿತು. ನಿಮ್ಮ ಪುಸ್ತಕ ಹಳೆಯದು.

ಆರನೆಯ ಸದಸ್ಯ: ಎಷ್ಟು ಅಂಕ ಬಂದರೆ ಸಾಕು ಮೇಡಂ?

ಬೋಧಕಿ: ಮೇಲೆ ಓದಿ.

ಸದಸ್ಯೆ: ಮೇಡಂ, ಪಟ್ಟಿ ಮಾಡಿದೆ. ಹನ್ನೊಂದು ತಪ್ಪುಗಳಲ್ಲಿ ಪಾಠ ಗೊತ್ತಿಲ್ಲದ್ದು ಎರಡು, ಅವಸರ ಐದು, ಹೊತ್ತು ಸಾಲದ್ದು ನಾಲ್ಕು.

ಬೋಧಕಿ: ಆ ಎರಡು ಯಾವುವು?

ಸದಸ್ಯೆ: ಎರಡೂ ಸಂಭವನೀಯತೆ.

ಬೋಧಕಿ: ಈ ವಾರ ಅದನ್ನು ಮುಗಿಸಿ. ಒಮ್ಮೆ ಬರೆದ ಮೇಲೆ 21 ದಿನ ಕಾಯಲೇಬೇಕೆಂಬ ನಿಯಮವಿದೆ. ನೀವು ಅದಕ್ಕಿಂತ ಹೆಚ್ಚೇ ಕಾಯಿರಿ. ಗಡಿಯಾರ ಇಟ್ಟು ಮಾಡಿದ ಎರಡು ಮಾದರಿ ಪರೀಕ್ಷೆಗಳಲ್ಲಿ ಒಂದು ಪ್ರಶ್ನೆಯೂ ಖಾಲಿ ಉಳಿಯದಿದ್ದರೆ ಆಗ ದಿನಾಂಕ ಗೊತ್ತುಮಾಡಿಕೊಳ್ಳಿ.