ಮಕ್ಕಳ ಆಧಾರ್ ಪಟ್ಟಿಯನ್ನು ಮೊದಲು ಗ್ರೂಪಿನಿಂದ ತೆಗೆಸೋಣ

ಅತ್ತಿಗೆ, ನಿಮ್ಮ ಮಾತನ್ನು ಈಗಷ್ಟೇ ಪೂರ್ತಿ ಕೇಳಿದೆ. ಶಾಲೆಯ ಪಾಲಕರ ಗ್ರೂಪಿಗೆ ಏಳನೇ ತರಗತಿಯ ಪಟ್ಟಿ ಬಂದಿದೆ, ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ತಂದೆಯ ಮೊಬೈಲ್ ಎಲ್ಲ ಸರಿ ಇವೆಯೇ ನೋಡಿ ಎಂದಿದ್ದಾರೆ ಅಂದಿರಿ. ಅದನ್ನೇ ನಮ್ಮ ಮನೆಯ ಗ್ರೂಪಿಗೂ ಹಾಕಿದ್ದೀರಿ. ಮೊದಲು ಇಲ್ಲಿಂದ ಅಳಿಸಿ, ಎಲ್ಲರ ಫೋನಿನಿಂದಲೂ ಹೋಗುವಂತೆ ಅಳಿಸಿ. ಅದರಲ್ಲಿ ಇಡೀ ತರಗತಿಯ ಮಕ್ಕಳಿದ್ದಾರೆ.

"ಬಡವರ ಮಕ್ಕಳ ನಂಬರ್ ತೆಗೆದುಕೊಂಡು ಯಾರೇನು ಮಾಡುತ್ತಾರೆ" ಎಂದು ಅಣ್ಣ ಕೇಳಿದ್ದಾನೆ. ಅಣ್ಣಾ, ಮೋಸ ಮಾಡುವವರು ಹುಡುಕುವುದೇ ಅಂಥ ಮನೆಗಳನ್ನು. ವಿದ್ಯಾರ್ಥಿವೇತನಕ್ಕಾಗಿ ಕಾಯುತ್ತಿರುವ ಮನೆಗೆ ಫೋನ್ ಬರುತ್ತದೆ ಎಂದುಕೋ. ಮಗಳ ಹೆಸರು, ತರಗತಿ, ಖಾತೆ ಸಂಖ್ಯೆ ಎಲ್ಲವನ್ನೂ ಅವರೇ ಹೇಳಿ, "ಹಣ ಮಂಜೂರಾಗಿದೆ, ಈಗ ಬಂದ ಒಟಿಪಿ ಹೇಳಿ" ಎಂದರೆ ಯಾರು ತಾನೇ ನಂಬುವುದಿಲ್ಲ?

ಇನ್ನೊಂದು ವಿಷಯ. ಇ-ಆಧಾರ್, ಅಂದರೆ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ಆಧಾರ್ ಕಡತದ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ, ಅಷ್ಟೇ. ಆ ಪಟ್ಟಿಯಲ್ಲಿ ಎರಡೂ ಇವೆ. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆಂದೋ ಜಾತಿ, ಆದಾಯ ಪತ್ರಕ್ಕೆಂದೋ ಸಿಂಧನೂರಿನ ಝೆರಾಕ್ಸ್ ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಆ ಕಡತ ಕಳಿಸಿ ಪ್ರಿಂಟ್ ತೆಗೆಸುತ್ತೇವಲ್ಲ, ಅದು ಅವರ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿರುತ್ತದೆ. ಪ್ರಿಂಟ್ ಕೈಗೆ ಬಂದ ಮೇಲೆ ಎದುರಿಗೇ ನಿಂತು ಅಳಿಸಿಕೊಂಡು ಬನ್ನಿ. ಬ್ಯಾಂಕಿನ ಪಾಸ್‌ವರ್ಡ್ ಆದರೆ ನಾಳೆಯೇ ಬದಲಿಸಬಹುದು, ಆಧಾರ್ ಸಂಖ್ಯೆ ಹುಡುಗಿಗೆ ಮುದುಕಿಯಾಗುವವರೆಗೂ ಅದೇ.

ಮುಖ್ಯೋಪಾಧ್ಯಾಯರ ಮೇಲೆ ನನಗೆ ಸಿಟ್ಟಿಲ್ಲ. ಸ್ಯಾಟ್ಸ್, ಯುಡೈಸ್, ಅಪಾರ್ ಎಂದು ಮಕ್ಕಳ ವಿವರದ ಸರ್ಕಾರಿ ದಾಖಲೆಗಳನ್ನು ಒಂದರ ಹಿಂದೆ ಒಂದು ತುಂಬಬೇಕು, ಪಾಠವನ್ನೂ ಮಾಡಬೇಕು. ಆದರೂ ಪಟ್ಟಿಯನ್ನು ಹೀಗೆ ಹಂಚಿದ್ದು ತಪ್ಪೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಪ್ರಕರಣ ಹಾಕಿದವರು ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಶಾಲೆಗೆ ಸೇರಿಸಿಕೊಳ್ಳಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು 2018ರ ತೀರ್ಪಿನಲ್ಲಿದೆ. ಅಪಾರ್ ಎಂಬ 12 ಅಂಕಿಯ ವಿದ್ಯಾರ್ಥಿ ಗುರುತಿನ ಸಂಖ್ಯೆಗೂ ಪಾಲಕರ ಒಪ್ಪಿಗೆ ಬೇಕು. ಆ ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ ಅತ್ತಿಗೆ.

ಎಲ್ಲಿಯಾದರೂ ಪ್ರತಿ ಕೊಡಲೇಬೇಕಾದರೆ, ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಆಧಾರ್ ಸಿಗುತ್ತದೆ, ಅದು ನಡೆಯುತ್ತದೆಯೇ ಎಂದು ಮೊದಲು ಕೇಳಿ. ಹಣ ಹೋಯಿತು ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಣ್ಣಾ, ನೀನು ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ ಇದ್ದೀಯ. ನಾಳೆ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣು. ಪಟ್ಟಿ ತೆಗೆಸು. ತಿದ್ದುಪಡಿ ಇದ್ದರೆ ಒಬ್ಬೊಬ್ಬ ಪಾಲಕರನ್ನು ಕರೆದು ಅವರ ಮಗುವಿನ ಸಾಲನ್ನಷ್ಟೇ ತೋರಿಸಲಿ. ಅದಕ್ಕೆ ಕೈ ಸಾಲದಿದ್ದರೆ ನಾನು ಬಂದು ಅರ್ಧ ದಿನ ಕುಳಿತು ಪಾಲಕರಿಗೆ ಫೋನ್ ಮಾಡಿ ಕರೆಸುತ್ತೇನೆ.